ಓಟದ ಮೇಲೊಂದು ಓಟ

(ಶಿವಯೋಗ ಮಂದಿರದಲ್ಲಿ ಗ್ರಾಮೀಣ ದಂಪತಿಗಳ ಸಭೆಯನ್ನು ಉದ್ದೇಶಿಸಿ ಮಾಡಿದ ಭಾಷಣ)



ಮಲಪ್ರಭೆಯ ದಡದಲ್ಲಿರುವ ಈ ಶಿವಯೋಗ ಮಂದಿರವನ್ನು ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ಶಾಸ್ತ್ರಾಭ್ಯಾಸದೊಂದಿಗೆ ಯೋಗಸಾಧನೆಗೂ ಇಲ್ಲಿ ಸ್ಥಾನ ದೊರೆಯಿತು. ಯೋಗಾಸನಗಳನ್ನು ಬಲ್ಲವರಿಗೆಲ್ಲ ತಿಳಿದಿರುವ ಒಂದು ಮಾತಿದೆ. ಎಷ್ಟೇ ಕಠಿಣವಾದ ಆಸನಗಳನ್ನು ಮಾಡಿದರೂ ಅಭ್ಯಾಸವು ಶವಾಸನದಲ್ಲಿ ಕೊನೆಗೊಳ್ಳಬೇಕು. ಸುಮ್ಮನೆ ಅಂಗಾತ ಮಲಗುವುದನ್ನೂ ನಮ್ಮ ಪೂರ್ವಿಕರು ಒಂದು ಆಸನವೆಂದೇ ಎಣಿಸಿದರು. ಶ್ರಮದಷ್ಟೇ ವಿಶ್ರಾಂತಿಯೂ ಸಾಧನೆಯ ಭಾಗವೆಂಬುದು ಇದರ ಅರ್ಥ. ಇಂದು ನಾನು ಹೇಳಬೇಕೆಂದಿರುವ ವಿಷಯಕ್ಕೆ ಇದೇ ತಳಹದಿ.

ಈಚಿನ ವರ್ಷಗಳಲ್ಲಿ ದೂರದ ಓಟವು ನಮ್ಮ ನಾಡಿನಲ್ಲಿ ಬಹಳ ಹಬ್ಬಿದೆ. ಮುಂಬಯಿಯ ಮ್ಯಾರಥಾನ್ 2004ರಲ್ಲಿ ಆರಂಭವಾಯಿತು. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವು 2008ರಲ್ಲಿ ಮೊದಲಾಯಿತು. ಈಗ ಜಿಲ್ಲಾ ಕೇಂದ್ರಗಳಲ್ಲಿಯೂ ಇಂತಹ ಓಟಗಳು ನಡೆಯುತ್ತಿವೆ. ಪೊಲೀಸ್ ಹಾಗೂ ಸೈನ್ಯದ ಭರ್ತಿಗೆಂದು ಬೆಳಗಿನ ಜಾವ ರಸ್ತೆಯಲ್ಲಿ ಓಡುವ ತರುಣರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಅವರಲ್ಲಿ ಕೆಲವರು ಮುಂದೆ ಮ್ಯಾರಥಾನಿಗೂ ಹೆಸರು ಕೊಡುತ್ತಾರೆ. ಇದು ಸಂತೋಷದ ಸಂಗತಿ. ಓಡುವ ದೇಹ ದೃಢವಾಗುತ್ತದೆ, ದುಶ್ಚಟಗಳು ದೂರವಾಗುತ್ತವೆ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಬ್ಬ ತರುಣನು ಜನವರಿಯಲ್ಲಿ ಪೂರ್ಣ ಮ್ಯಾರಥಾನ್ ಓಡಿ ಊರಿಗೆ ಮರಳಿದನೆಂದು ಇಟ್ಟುಕೊಳ್ಳೋಣ. ಮೂರು ವಾರ ಕಳೆಯುವಷ್ಟರಲ್ಲಿ ಸಮೀಪದ ಪಟ್ಟಣದಲ್ಲಿ ಅರ್ಧ ಮ್ಯಾರಥಾನ್ ಏರ್ಪಾಡಾಗುತ್ತದೆ. ಗೆಳೆಯರು ಒತ್ತಾಯಿಸುತ್ತಾರೆ. ಬಹುಮಾನವೂ ಇದೆ. “ಪೂರ್ತಿ ಓಡಿದವ ನಾನು, ಅರ್ಧ ಯಾವ ಲೆಕ್ಕ?” ಎನ್ನುತ್ತಾನೆ ಅವನು. ಹೆಂಡತಿ ಹೇಳುತ್ತಾಳೆ: “ನಿಮಗ ರಾತ್ರಿ ನಿದ್ದಿ ಸರಿಯಾಗಿ ಹತ್ತವಲ್ದು, ಅದನ್ನ ಮೊದಲು ನೋಡ್ರಿ.” ಇವರಿಬ್ಬರಲ್ಲಿ ಯಾರ ಮಾತು ಸರಿ? ಈ ಪ್ರಶ್ನೆಯು ಆ ತರುಣನೊಬ್ಬನಿಗೆ ಸೇರಿದುದಲ್ಲ, ಅವನ ಸಂಸಾರಕ್ಕೆ ಸೇರಿದುದು. ಅದು ಹಿಂಗಾರಿ ಜೋಳದ ಸುಗ್ಗಿಯ ಕಾಲ. ಮನೆಯ ಗಂಡಸು ಕಾಲು ಮುರಿದುಕೊಂಡು ಕುಳಿತರೆ ಹೊಲದಲ್ಲಿ ನಿಂತ ಬೆಳೆಯು ಕಾಯುವುದಿಲ್ಲ.

ದೂರದ ಅಂದಾಜು

ಮೊದಲು ಈ ಓಟಗಳ ದೂರವನ್ನು ಅರಿಯೋಣ. ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್. 1908ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಈ ದೂರವನ್ನು ಓಡಿಸಲಾಯಿತು, 1921ರಲ್ಲಿ ಅದೇ ಪ್ರಮಾಣವೆಂದು ನಿಗದಿಯಾಯಿತು. ಅರ್ಧ ಮ್ಯಾರಥಾನ್ ಎಂದರೆ 21 ಕಿಲೋಮೀಟರಿಗಿಂತ ತುಸು ಹೆಚ್ಚು. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವ ದಾರಿಯು ಸುಮಾರು 22 ಕಿಲೋಮೀಟರ್. ಆದುದರಿಂದ ಬಾದಾಮಿಯಿಂದ ಪಟ್ಟದಕಲ್ಲಿನವರೆಗೆ ನಿಲ್ಲದೆ ಓಡಿದರೆ ಹೆಚ್ಚುಕಡಿಮೆ ಅರ್ಧ ಮ್ಯಾರಥಾನ್, ಹಾಗೆಯೇ ತಿರುಗಿ ಬಾದಾಮಿಗೆ ಓಡಿ ಬಂದರೆ ಪೂರ್ಣ ಮ್ಯಾರಥಾನ್. ಅರ್ಧವೆಂಬ ಹೆಸರನ್ನು ಕೇಳಿ ಅದು ಹಗುರವೆಂದು ಯಾರೂ ಭಾವಿಸಬಾರದು.

ಈ ಓಟಕ್ಕೂ ನಮ್ಮ ಭಾಗಕ್ಕೂ ಹಳೆಯ ನಂಟಿದೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಿಗೆ ದೊರಾಬ್ಜಿ ಟಾಟಾ ಅವರ ಪ್ರೋತ್ಸಾಹದಿಂದ ಭಾರತದ ಚಿಕ್ಕ ತಂಡವೊಂದು ಹೋಯಿತು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರಿದ್ದರು. ಆ ವರ್ಷದ ಮ್ಯಾರಥಾನ್ ದೂರವು ಇಂದಿನದಕ್ಕಿಂತ ಹೆಚ್ಚಾಗಿದ್ದು 42 ಕಿಲೋಮೀಟರ್ 750 ಮೀಟರ್ ಇತ್ತು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷಗಳಿಗೆ ತುಸು ಮೀರಿದ ಅವಧಿಯಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಮುಗಿಸಿದರು. ನೂರು ವರ್ಷಗಳ ಹಿಂದೆಯೇ ನಮ್ಮ ಗಡಿಭಾಗದ ಓಟಗಾರನೊಬ್ಬನು ಜಗತ್ತಿನವರೊಡನೆ ಓಡಿದನೆಂಬುದು ಹೆಮ್ಮೆಯ ಮಾತು. ಓಡುವ ಶಕ್ತಿ ನಮ್ಮವರಲ್ಲಿ ಇದೆ. ಆ ಶಕ್ತಿಯನ್ನು ಕಾಪಾಡಿಕೊಳ್ಳುವ ತಿಳುವಳಿಕೆಯೂ ಬೇಕು.

ಬರಿದಾದ ಹಗೇವು

ಹಿಂದೆ ನಮ್ಮ ಊರುಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವನ್ನು ತೆರೆದು ಉಣ್ಣುತ್ತಿದ್ದರು. ನಮ್ಮ ದೇಹದಲ್ಲಿಯೂ ಇಂತಹ ಹಗೇವು ಇದೆ. ಉಂಡ ರೊಟ್ಟಿ, ಅನ್ನ, ಬೆಲ್ಲಗಳ ಸಾರವು ಸಕ್ಕರೆಯ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿರುತ್ತದೆ. ಈ ಶೇಖರಣೆಯಿಂದ ಸುಮಾರು 2,000 ಕ್ಯಾಲೊರಿಗಳಷ್ಟು ಶಕ್ತಿ ದೊರೆಯಬಲ್ಲದು. ಅರವತ್ತು ಕಿಲೋ ತೂಕದ ಮನುಷ್ಯನು ಮ್ಯಾರಥಾನ್ ಓಡಲು ಸುಮಾರು 2,500 ಕ್ಯಾಲೊರಿಗಳನ್ನು ವ್ಯಯಿಸುತ್ತಾನೆ. ದೇಹದ ಕೊಬ್ಬು ಸ್ವಲ್ಪ ಭಾಗವನ್ನು ಪೂರೈಸಿದರೂ ಓಟ ಮುಗಿಯುವ ಹೊತ್ತಿಗೆ ಹಗೇವು ಬಹುಮಟ್ಟಿಗೆ ಬರಿದಾಗಿರುತ್ತದೆ. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಅನೇಕರಿಗೆ ಕಾಲು ಕಲ್ಲಾಗಲು ಇದೇ ಮುಖ್ಯ ಕಾರಣ.

ಈ ಹಗೇವನ್ನು ತುಂಬಿಸುವುದು ಕಷ್ಟವಲ್ಲ. ಹೊಟ್ಟೆ ತುಂಬ ಊಟ ಮಾಡಿ ವಿಶ್ರಮಿಸಿದರೆ ಕೆಲವೇ ದಿನಗಳಲ್ಲಿ ಅದು ತುಂಬುತ್ತದೆ. ಆಗ ಮನುಷ್ಯನಿಗೆ ಹುರುಪು ಮರಳುತ್ತದೆ. “ನಾನು ಸರಿಹೋದೆ” ಎಂದು ಅವನು ತಿಳಿಯುತ್ತಾನೆ. ಆದರೆ ಹಗೇವು ತುಂಬಿದ ಮಾತ್ರಕ್ಕೆ ಬಿರುಕುಬಿಟ್ಟ ಮನೆಯ ಗೋಡೆ ರಿಪೇರಿಯಾಯಿತೇ? ಇಲ್ಲ. ಅದು ಬೇರೆಯ ಕೆಲಸ, ಅದಕ್ಕೆ ಬೇರೆಯ ಕಾಲ ಬೇಕು.

ಕಾಣದ ಗಾಯಗಳು

ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಭಾರವು ಕಾಲಿನ ಮೇಲೆ ಬೀಳುತ್ತದೆ. ಅರವತ್ತು ಕಿಲೋ ತೂಕದವನ ಕಾಲು ಹೆಜ್ಜೆಗೊಮ್ಮೆ ಒಂದು ಕ್ವಿಂಟಲಿಗೂ ಮಿಗಿಲಾದ ಭಾರವನ್ನು ತಾಳಿಕೊಳ್ಳಬೇಕು. ಅರ್ಧ ಮ್ಯಾರಥಾನಿನಲ್ಲಿ ಇಂತಹ ಹೆಜ್ಜೆಗಳು ಸುಮಾರು ಇಪ್ಪತ್ತು ಸಾವಿರ, ಪೂರ್ಣ ಓಟದಲ್ಲಿ ಅದರ ಇಮ್ಮಡಿ. ಇದರಿಂದ ಸ್ನಾಯುವಿನ ಎಳೆಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹರಕುಗಳು ಉಂಟಾಗುತ್ತವೆ. ಸ್ನಾಯುವಿನೊಳಗೆ ಇರಬೇಕಾದ ಕೆಲವು ವಸ್ತುಗಳು ರಕ್ತಕ್ಕೆ ಸೋರುತ್ತವೆ. ಓಟದ ಮರುದಿನ ರಕ್ತಪರೀಕ್ಷೆ ಮಾಡಿದರೆ ಅವುಗಳ ಪ್ರಮಾಣ ಬಹಳ ಏರಿರುತ್ತದೆ. ಅದು ಇಳಿಯಲು ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯಬಹುದು.

ಹೃದಯವೂ ಮೂತ್ರಪಿಂಡಗಳೂ ಅಂದು ಹೆಚ್ಚಿನ ದುಡಿಮೆ ಮಾಡಿರುತ್ತವೆ. ಆರೋಗ್ಯವಂತರಲ್ಲಿ ಅವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮೊದಲಿನ ಸ್ಥಿತಿಗೆ ಬರುತ್ತವೆ. ಕೆಲವರಿಗೆ ಓಟದ ನಂತರದ ಒಂದೆರಡು ವಾರಗಳಲ್ಲಿ ಶೀತ, ಗಂಟಲುನೋವುಗಳು ಬರುವುದುಂಟು.

ಎಲ್ಲಕ್ಕಿಂತ ನಿಧಾನವಾದುದು ಎಲುಬಿನ ದುರಸ್ತಿ. ಎಲುಬು ಕಲ್ಲಿನಂತೆ ಜಡವಾದ ವಸ್ತುವಲ್ಲ, ಅದು ಜೀವಂತ. ಹೆಚ್ಚಿನ ಹೊಡೆತ ಬಿದ್ದಾಗ ದೇಹವು ಮೊದಲು ಸವೆದ ಭಾಗವನ್ನು ಕಿತ್ತು ತೆಗೆಯುತ್ತದೆ, ಆಮೇಲೆ ಅಲ್ಲಿ ಹೊಸದನ್ನು ಕಟ್ಟುತ್ತದೆ. ಹಳೆಯ ಗೋಡೆಯ ಕಲ್ಲನ್ನು ತೆಗೆದು ಹೊಸ ಕಲ್ಲು ಕೂರಿಸುವಂತೆಯೇ ಇದು. ಕಲ್ಲು ತೆಗೆದು ಇನ್ನೂ ಹೊಸದನ್ನು ಕೂರಿಸದಿರುವಾಗ ಗೋಡೆಯು ಮೊದಲಿಗಿಂತಲೂ ದುರ್ಬಲ. ಆ ಹೊತ್ತಿನಲ್ಲಿ ಅದರ ಮೇಲೆ ಮತ್ತೊಂದು ಅಂತಸ್ತು ಏರಿಸಿದರೆ ಏನಾಗುವುದೆಂಬುದನ್ನು ನಾನು ಹೇಳಬೇಕಾಗಿಲ್ಲ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಅಥವಾ ಪಾದದ ಎಲುಬಿನಲ್ಲಿ ಕೂದಲೆಳೆಯಂತಹ ಬಿರುಕು ಬೀಳುವುದು ಹೀಗೆಯೇ. ಅಂತಹ ಬಿರುಕು ಕೂಡಿಕೊಳ್ಳಲು ಆರು ವಾರ, ಎಂಟು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲದ ವಿಶ್ರಾಂತಿ ಬೇಕು. ಒಂದು ಬೆಳಗಿನ ಓಟಕ್ಕಾಗಿ ಇಡೀ ಸುಗ್ಗಿಯನ್ನು ಕಳೆದುಕೊಂಡಂತಾಗುತ್ತದೆ.

ನೋವು ಹೋದುದು ಗುಣವಾದುದರ ಗುರುತಲ್ಲ

ಓಟದ ನಂತರದ ಕಾಲುನೋವು ಎರಡನೆಯ, ಮೂರನೆಯ ದಿನ ಅತಿ ಹೆಚ್ಚಾಗಿರುತ್ತದೆ. ಐದಾರು ದಿನಗಳಲ್ಲಿ ಅದು ಕಡಿಮೆಯಾಗುತ್ತದೆ. ಆದರೆ ಸ್ನಾಯುವಿನ ಬಲವು ನೋವಿನೊಂದಿಗೆ ಹೊರಟು ನೋವಿನೊಂದಿಗೆ ಮರಳುವುದಿಲ್ಲ. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಈ ಎರಡರ ನಡುವಿನ ಅವಧಿಯೇ ಅಪಾಯದ ಕಾಲ. ರೈತರಾದ ನಿಮಗೆ ಇದು ಹೊಸದಲ್ಲ. ನೊಗ ತಾಗಿ ಕಂದಿದ ಎತ್ತಿನ ಹೆಗಲು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುವುದುಂಟು. ಜಾಣ ರೈತನು ಕೈಯಿಂದ ಒತ್ತಿ ನೋಡದೆ ಅದಕ್ಕೆ ಮತ್ತೆ ನೊಗ ಹೂಡುವುದಿಲ್ಲ. ನಮ್ಮ ಭಾಗದ ಅನೇಕ ಮನೆತನಗಳಲ್ಲಿ ಸೋಮವಾರ ಎತ್ತಿಗೆ ನೊಗ ಇಡದಿರುವ ಸಂಪ್ರದಾಯವಿದೆ. ಮೂಕ ಪ್ರಾಣಿಗೆ ತೋರಿದ ಈ ವಿವೇಕವನ್ನು ನಮ್ಮ ದೇಹಕ್ಕೂ ತೋರಬೇಡವೇ?

“ದೊಡ್ಡ ದೊಡ್ಡ ಓಟಗಾರರು ಹೀಗೆ ಕಾಯುತ್ತಾರೆಯೇ?” ಎಂದು ಕೆಲವರು ಕೇಳಬಹುದು. ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಎಂಟು ದಿನಗಳೊಳಗೆ 10,000 ಮೀಟರ್, 5,000 ಮೀಟರ್ ಹಾಗೂ ಮ್ಯಾರಥಾನ್ ಮೂರನ್ನೂ ಗೆದ್ದನು. ಅಮೆರಿಕದ ಜೋನ್ ಬೆನೊಯಿಟ್ 1984ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಹದಿನೇಳನೆಯ ದಿನ ತನ್ನ ದೇಶದ ಆಯ್ಕೆಯ ಮ್ಯಾರಥಾನ್ ಗೆದ್ದು, ಅದೇ ವರ್ಷ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗಾಗಿ ನಡೆದ ಮೊತ್ತಮೊದಲ ಮ್ಯಾರಥಾನನ್ನೂ ಗೆದ್ದಳು. ಇವು ನಿಜವಾದ ಸಂಗತಿಗಳೇ. ಆದರೆ ಎರಡು ಮಾತುಗಳನ್ನು ಗಮನಿಸಬೇಕು. ಜಾಟೊಪೆಕ್ಕನ ಮ್ಯಾರಥಾನ್ ಕೊನೆಯಲ್ಲಿತ್ತು, ಅವನು ಚಿಕ್ಕ ಓಟಗಳಿಂದ ದೊಡ್ಡದಕ್ಕೆ ಹೋದನು. ಮ್ಯಾರಥಾನಿನಿಂದ ಬಳಲಿದ ಕಾಲನ್ನು ಹೊತ್ತು ಅವನು ಮುಂದಿನ ಓಟಕ್ಕೆ ನಿಲ್ಲಲಿಲ್ಲ. ಎರಡನೆಯದಾಗಿ, ಇಂತಹ ಸಾಹಸದಲ್ಲಿ ಗೆದ್ದವರ ಹೆಸರು ಮಾತ್ರ ಪುಸ್ತಕಗಳಲ್ಲಿ ಉಳಿಯುತ್ತದೆ. ಹಾಗೆಯೇ ಪ್ರಯತ್ನಿಸಿ ಕಾಲು ಕಳೆದುಕೊಂಡವರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಅಪರೂಪದವರ ಉದಾಹರಣೆಯು ಎಲ್ಲರಿಗೂ ನಿಯಮವಾಗಲಾರದು.

ಎಷ್ಟು ದಿನ ಕಾಯಬೇಕು?

ಅನುಭವಿ ಓಟಗಾರರಲ್ಲಿ ಒಂದು ಹಳೆಯ ಲೆಕ್ಕವಿದೆ. ಎಷ್ಟು ಮೈಲಿ ಓಡಿದೆಯೋ ಅಷ್ಟು ದಿನ ಮತ್ತೆ ಪಂದ್ಯಕ್ಕೆ ಇಳಿಯಬೇಡ ಎಂಬುದು ಆ ಲೆಕ್ಕ. ಮ್ಯಾರಥಾನ್ 26 ಮೈಲಿಗಳಾದುದರಿಂದ 26 ದಿನ, ಎಂದರೆ ಸುಮಾರು ನಾಲ್ಕು ವಾರ. ಇದು ಪಂಚಾಂಗದ ಮುಹೂರ್ತದಂತೆ ಕಟ್ಟುನಿಟ್ಟಾದುದಲ್ಲ. ವಯಸ್ಸು, ಅಭ್ಯಾಸ, ಊಟ, ನಿದ್ರೆಗಳನ್ನು ಅನುಸರಿಸಿ ಹೆಚ್ಚುಕಡಿಮೆಯಾಗಬಹುದು. ಆದರೂ ಸಾಮಾನ್ಯರಿಗೆ ಇದು ಒಳ್ಳೆಯ ಅಳತೆಗೋಲು.

ಮೊದಲ ವಾರ ಓಟವೇ ಬೇಡ. ದಿನವೂ ಅರ್ಧ ಗಂಟೆ ಸಮತಟ್ಟಾದ ದಾರಿಯಲ್ಲಿ ನಡೆದರೆ ಸಾಕು. ಎರಡನೆಯ ವಾರ ದಿನ ಬಿಟ್ಟು ದಿನ ಇಪ್ಪತ್ತು ಮೂವತ್ತು ನಿಮಿಷ, ಜೊತೆಯವರೊಡನೆ ಮಾತನಾಡಲು ಬರುವಷ್ಟು ನಿಧಾನವಾಗಿ ಓಡಬಹುದು. ಮೂರನೆಯ ವಾರ ಅವಧಿಯನ್ನು ಸ್ವಲ್ಪ ಹೆಚ್ಚಿಸಬಹುದು, ವೇಗವನ್ನಲ್ಲ. ನಾಲ್ಕನೆಯ ವಾರ ದೇಹ ಒಪ್ಪಿದರೆ ಮೊದಲಿನ ಅಭ್ಯಾಸಕ್ಕೆ ಮೆಲ್ಲಗೆ ಮರಳಬಹುದು. ಹೀಗಿರುವಾಗ, ಎರಡು ವಾರಗಳೊಳಗೆ ಬರುವ ಅರ್ಧ ಮ್ಯಾರಥಾನನ್ನು ಬಿಟ್ಟುಬಿಡುವುದೇ ಲೇಸು. ಮೂರು ನಾಲ್ಕು ವಾರಗಳ ನಂತರ ಬಂದರೆ ಪರೀಕ್ಷಿಸಿ ನಿರ್ಧರಿಸಬೇಕು. ಆಗಲೂ ಪೂರ್ಣ ವೇಗದಿಂದ, ಬಹುಮಾನದ ಆಸೆಯಿಂದ ಓಡಬಾರದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಗಂಡಹೆಂಡಿರು ಜೊತೆಗೆ ಕುಳಿತು ಈ ಐದು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಳ್ಳಬೇಕು.

(1) ಬೆಳಿಗ್ಗೆ ಎದ್ದು ಕೂರುವ ಮೊದಲೇ, ಮಲಗಿದಲ್ಲಿಯೇ ಒಂದು ನಿಮಿಷ ನಾಡಿಯನ್ನು ಎಣಿಸಿರಿ. ಎಂದಿಗಿಂತ ಎಂಟು ಹತ್ತು ಬಡಿತ ಹೆಚ್ಚಾಗಿದ್ದು, ಅದು ಹಲವು ದಿನ ಹಾಗೆಯೇ ಇದೆಯೇ?

(2) ರಾತ್ರಿ ನಿದ್ರೆ ಸರಿಯಾಗಿ ಬರುತ್ತಿದೆಯೇ? ಊಟ ರುಚಿಸುತ್ತಿದೆಯೇ?

(3) ಮೆಟ್ಟಿಲು ಇಳಿಯುವಾಗ ಅಥವಾ ಒಂದೇ ಕಾಲಿನ ಮೇಲೆ ಕುಪ್ಪಳಿಸಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತಹ ನೋವು ಬರುತ್ತದೆಯೇ? ಬೆರಳಿನಿಂದ ಒತ್ತಿದರೆ ಎಲುಬಿನ ಒಂದು ಚುಕ್ಕೆಯಲ್ಲಿ ನೋಯುತ್ತದೆಯೇ?

(4) ನೆಗಡಿ, ಜ್ವರ, ಭೇದಿ ಯಾವುದಾದರೂ ಇದೆಯೇ?

(5) ಸಣ್ಣ ಮಾತಿಗೆ ಸಿಟ್ಟು, ಕೆಲಸದಲ್ಲಿ ಬೇಸರ, ಮೈಭಾರ ಕಾಣುತ್ತಿದೆಯೇ?

ಐದನೆಯ ಪ್ರಶ್ನೆಗೆ ಓಡಿದವರಿಗಿಂತ ಅವರ ಬಾಳಸಂಗಾತಿಯೇ ಸರಿಯಾದ ಉತ್ತರ ಕೊಡಬಲ್ಲರು. ಒಂದು ಪ್ರಶ್ನೆಗಾದರೂ ಉತ್ತರ ಪ್ರತಿಕೂಲವಾಗಿದ್ದರೆ ದೇಹವು ಇನ್ನೂ ಚೇತರಿಸಿಕೊಂಡಿಲ್ಲವೆಂದು ತಿಳಿಯಬೇಕು. ಎಲುಬಿನ ನೋವಿದ್ದರೆ ವೈದ್ಯರಿಗೆ ತೋರಿಸದೆ ಒಂದು ಹೆಜ್ಜೆಯನ್ನೂ ಓಡಬಾರದು. ನಮ್ಮ ಉದಾಹರಣೆಯ ತರುಣನ ಹೆಂಡತಿ ನಿದ್ರೆಯ ಮಾತನ್ನು ಎತ್ತಿದುದು ಎಷ್ಟು ಸಮಂಜಸವೆಂಬುದು ಈಗ ನಿಮಗೆ ಮನವರಿಕೆಯಾಗಿರಬಹುದು.

ಓಡುವುದೆಂದು ನಿರ್ಧರಿಸಿದರೆ

ಐದೂ ಉತ್ತರಗಳು ಸರಿಯಿದ್ದು, ನಾಲ್ಕು ವಾರಗಳು ಸಮೀಪಿಸಿದ್ದು, ಓಡಬೇಕೆಂಬ ಇಚ್ಛೆಯಿದ್ದರೆ ಓಡಲಿ. ಆದರೆ ಅದನ್ನು ಪಂದ್ಯವೆಂದು ಭಾವಿಸದೆ ಅಭ್ಯಾಸವೆಂದು ಭಾವಿಸಬೇಕು. ಮೊದಲ ಐದು ಕಿಲೋಮೀಟರುಗಳನ್ನು ಬೇಕೆಂದೇ ನಿಧಾನವಾಗಿ ಓಡಬೇಕು. ನಡುನಡುವೆ ಒಂದೆರಡು ನಿಮಿಷ ನಡೆದರೆ ಅವಮಾನವೇನೂ ಇಲ್ಲ. ನಡಿಗೆಯ ರೀತಿಯನ್ನೇ ಬದಲಿಸುವಂತಹ ನೋವು ಬಂದರೆ ಅಲ್ಲಿಯೇ ನಿಲ್ಲಬೇಕು. ಅರ್ಧಕ್ಕೆ ಬಿಟ್ಟುಬಂದವನು ಮುಂದಿನ ವರ್ಷ ಓಡಬಲ್ಲನು, ಹಟಹಿಡಿದು ಮುಗಿಸಿದವನು ಓಡಲಾರದೆ ಹೋಗಬಹುದು. ತಾಳಿದವನು ಬಾಳಿಯಾನು ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ.

ನೋವಿನ ಗುಳಿಗೆ ನುಂಗಿ ಓಡುವ ದುರಭ್ಯಾಸ ಕೆಲವರಲ್ಲಿದೆ. ಇದು ಬಹಳ ಅಪಾಯಕರ. ಬೆವರಿನಿಂದ ದೇಹದ ನೀರು ಕಡಿಮೆಯಾಗಿರುವಾಗ ಇಂತಹ ಗುಳಿಗೆಗಳು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು. ಅಲ್ಲದೆ ನೋವೆಂಬುದು ದೇಹದ ಕಾವಲುಗಾರ. ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳನಿಗೇ ಅನುಕೂಲ.

ನಮ್ಮ ಸೀಮೆಯಲ್ಲಿ ಫೆಬ್ರವರಿ ಕಳೆಯುತ್ತಲೇ ಬಿಸಿಲು ಏರುತ್ತದೆ. ಬಾಯಾರಿಕೆಯಾದಾಗ ನೀರು ಕುಡಿಯಬೇಕು. ಬರೀ ನೀರನ್ನೇ ಅತಿಯಾಗಿ ಕುಡಿಯುವುದೂ ತಪ್ಪು, ಅದರಿಂದ ರಕ್ತದಲ್ಲಿನ ಉಪ್ಪಿನ ಅಂಶ ಇಳಿದು ತಲೆಸುತ್ತು, ವಾಂತಿ, ಎಚ್ಚರತಪ್ಪುವಿಕೆ ಉಂಟಾಗಬಹುದು. ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ನಿಂಬೆಯ ಪಾನಕ ಒಳ್ಳೆಯದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಹಾಗೂ ನಲವತ್ತು ದಾಟಿದವರು ವೈದ್ಯರ ಸಲಹೆಯಿಲ್ಲದೆ ಇಂತಹ ಓಟಗಳಿಗೆ ಇಳಿಯಬಾರದು.

ಅಪಾಯದ ಚಿಹ್ನೆಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ಎದೆನೋವು, ಮೂರ್ಛೆ, ಬಿಸಿಲಲ್ಲಿ ಮೈ ಕೆಂಡದಂತಾಗಿ ಮಾತು ತಡವರಿಸುವುದು, ಓಟದ ನಂತರ ಮೂತ್ರವು ಕಡು ಚಹಾದ ಬಣ್ಣಕ್ಕೆ ತಿರುಗುವುದು ಅಥವಾ ನಿಂತುಹೋಗುವುದು, ಮೀನಖಂಡದಲ್ಲಿ ಒಂದೇ ಕಡೆ ಬಾವು ಬರುವುದು: ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಬಿಸಿಲಿನ ಹೊಡೆತವಾದರೆ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಿರಬೇಕು, ಅದೇ ವೇಳೆಗೆ 108ಕ್ಕೆ ಕರೆಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಚೇತರಿಕೆಯ ಊಟ

ಚೇತರಿಕೆಗೆ ಪಟ್ಟಣದ ದುಬಾರಿ ಪುಡಿಗಳೇನೂ ಬೇಕಾಗಿಲ್ಲ. ಜೋಳದ ರೊಟ್ಟಿ ಹಗೇವನ್ನು ತುಂಬುತ್ತದೆ. ಹೆಸರು, ಮಡಕಿ, ಅಲಸಂದಿ ಕಾಳುಗಳ ಪಲ್ಯ, ಬೇಳೆ, ಹಾಲು, ಮೊಸರು, ಶೇಂಗಾ, ಉಣ್ಣುವವರಿಗೆ ಮೊಟ್ಟೆ ಇವು ಹರಿದ ಸ್ನಾಯುವನ್ನು ಕಟ್ಟುತ್ತವೆ. ರಾಜಗಿರಿ, ಮೆಂತ್ಯೆ, ನುಗ್ಗೆಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿದೆ. ಊಟದೊಂದಿಗೆ ನಿಂಬೆ ಹಿಂಡಿಕೊಂಡರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾದ ಔಷಧ ನಿದ್ರೆ. ಓಟದ ನಂತರದ ಎರಡು ವಾರ ರಾತ್ರಿ ಎಂಟು ಗಂಟೆ ಮಲಗುವಂತೆ ನೋಡಿಕೊಳ್ಳಬೇಕು. ಮದ್ಯವಂತೂ ಬೇಡವೇ ಬೇಡ.

ಓಡುವ ಹೆಣ್ಣುಮಕ್ಕಳಿಗೆ ಒಂದು ಮಾತು

ಹೆಣ್ಣಿಗೆ ದೂರದ ಓಟ ಸಲ್ಲದೆಂಬ ಭಾವನೆ ಜಗತ್ತಿನಲ್ಲೆಲ್ಲ ಬಹುಕಾಲ ಇತ್ತು. 1984ರ ನಂತರ ಆ ವಾದಕ್ಕೆ ಬೆಲೆ ಉಳಿಯಲಿಲ್ಲ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೂ ಇಂದು ಓಡುತ್ತಿದ್ದಾರೆ. ಅವರ ವಿಷಯದಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕ.

ಮೊದಲನೆಯದು ರಕ್ತಹೀನತೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿರಬಾರದು. ದೂರದ ಓಟದಲ್ಲಿ ಕಬ್ಬಿಣದ ಅಂಶ ಇನ್ನಷ್ಟು ಖರ್ಚಾಗುತ್ತದೆ. ಆದುದರಿಂದ ಒಂದು ಓಟದ ಮೇಲೆ ಮತ್ತೊಂದಕ್ಕೆ ಇಳಿಯುವ ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಟ್ಟು ತಪ್ಪಿದರೆ ಅದನ್ನು ಓಟದ ದಣಿವೆಂದು ತಳ್ಳಿಹಾಕದೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕಾಣಬೇಕು.

ಎರಡನೆಯದು ಹೆರಿಗೆಯ ನಂತರದ ಕಾಲ. ಹೆರಿಗೆಯು ಯಾವ ಮ್ಯಾರಥಾನಿಗೂ ಕಡಿಮೆಯಾದ ಶ್ರಮವಲ್ಲ. ತಾಯಿಯು ಕನಿಷ್ಠ ಮೂರು ತಿಂಗಳು ಓಟಕ್ಕೆ ಇಳಿಯಬಾರದು, ನಡಿಗೆಯಿಂದ ಆರಂಭಿಸಬೇಕು. ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದ್ದರೆ ವೈದ್ಯರ ಅನುಮತಿ ಬೇಕೇ ಬೇಕು. ಇದೇ ನ್ಯಾಯವನ್ನು ಇನ್ನೊಂದು ವಿಷಯಕ್ಕೂ ಅನ್ವಯಿಸಬಹುದು. ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ ಎರಡು ವರ್ಷಗಳ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡಿದೆ. ದಣಿದ ದೇಹಕ್ಕೆ ಬಿಡುವು ಬೇಕೆಂಬುದು ಎಲ್ಲಿಯೂ ಒಂದೇ ನಿಯಮ.

ಮೂರನೆಯದು ಮನೆಗೆಲಸ. ಓಟ ಮುಗಿಸಿ ಬಂದ ಗಂಡನಿಗೆ ಮಂಚವೂ ಬಿಸಿನೀರೂ ಸಿದ್ಧವಾಗಿರುತ್ತವೆ. ಓಟ ಮುಗಿಸಿ ಬಂದ ಹೆಂಡತಿಗೆ ಒಲೆಯೂ ಕೊಡವೂ ಕಾದಿರುತ್ತವೆ. ಮರುದಿನದಿಂದಲೇ ಅವಳು ರೊಟ್ಟಿ ಬಡಿಯಬೇಕು, ನೀರು ಹೊರಬೇಕು, ಕಳೆ ತೆಗೆಯಬೇಕು. ಅವಳ ದೇಹ ಚೇತರಿಸಿಕೊಳ್ಳುವುದಾದರೂ ಎಂದು? ಆದುದರಿಂದ ಗಂಡಂದಿರಲ್ಲಿ ನನ್ನ ವಿನಂತಿ: ಮೊದಲ ವಾರವಾದರೂ ನೀರಿನ ಕೊಡವನ್ನು ನೀವು ಎತ್ತಿರಿ, ಮಕ್ಕಳನ್ನು ನೀವು ನೋಡಿಕೊಳ್ಳಿರಿ. ಅತ್ತೆ ಮಾವಂದಿರೂ ಇದಕ್ಕೆ ಮನಸ್ಸು ಕೊಡಬೇಕು.

ಓಡದವರಿಗೂ ಇದು ಅನ್ವಯಿಸುತ್ತದೆ

“ಮ್ಯಾರಥಾನ್ ನಮ್ಮ ಕೆಲಸವಲ್ಲ” ಎಂದು ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ಆದರೆ ಯುಗಾದಿಯ ಮುಂಚೆ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗಗಳಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಎಷ್ಟು ಮಂದಿ! ಬಾಗಲಕೋಟೆಯಿಂದ ಅದು ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ನಲ್ಲಮಲೆಯ ಕಾಡಿನ ಏರಿಳಿತ ಬೇರೆ. ಹಾಗೆ ನಡೆದು ಬಂದವರು ಮೂರನೆಯ ದಿನವೇ ಚೀಲ ಹೊರಲು, ಕಲ್ಲು ಎತ್ತಲು ಹೋಗುವುದುಂಟು. ಅವರ ಕಾಲುಗಳೂ ಮ್ಯಾರಥಾನ್ ಓಡಿದವನ ಕಾಲುಗಳಂತೆಯೇ ದಣಿದಿರುತ್ತವೆ. ಬೊಕ್ಕೆಗಳನ್ನು ಶುಚಿಯಾಗಿಟ್ಟು, ಒಂದು ವಾರ ಹಗುರವಾದ ಕೆಲಸ ಮಾಡಿ, ಹೊಟ್ಟೆತುಂಬ ಉಂಡು ಮಲಗುವುದು ಅವರಿಗೂ ಅವಶ್ಯಕ. ಸಕ್ಕರೆ ಕಾಯಿಲೆಯಿರುವವರು ಪಾದದ ಚಿಕ್ಕ ಗಾಯವನ್ನೂ ಅಲಕ್ಷಿಸಬಾರದು.

ಈಗ ಆ ತರುಣನ ಪ್ರಶ್ನೆಗೆ ಮರಳೋಣ. ಮೂರು ವಾರವಾಗಿದೆ, ನಿದ್ರೆ ಸರಿಯಿಲ್ಲ, ಸುಗ್ಗಿ ಮುಂದಿದೆ. ಈ ಸ್ಥಿತಿಯಲ್ಲಿ ಅವನು ಓಡಬಾರದೆಂಬುದೇ ನನ್ನ ಸ್ಪಷ್ಟವಾದ ಸಲಹೆ. ಅವನು ಅಂದು ಬೆಳಿಗ್ಗೆ ಹೆಂಡತಿ ಮಕ್ಕಳೊಡನೆ ರಸ್ತೆಯ ಬದಿಯಲ್ಲಿ ನಿಂತು ಓಡುವವರಿಗೆ ನೀರು ಕೊಡಲಿ, ಗೆಳೆಯರನ್ನು ಹುರಿದುಂಬಿಸಲಿ. ಅದರಿಂದ ಅವನ ಮಾನಕ್ಕೆ ಕುಂದಿಲ್ಲ. ಓಟಗಳು ವರ್ಷವರ್ಷವೂ ಬರುತ್ತವೆ. ಮೊಣಕಾಲುಗಳು ಮಾತ್ರ ಎರಡೇ, ಅವು ಎಪ್ಪತ್ತು ವರ್ಷ ಬಾಳಿಕೆ ಬರಬೇಕು.

ಹೊಲಕ್ಕೆ ಬೆಳೆಯಾದ ಮೇಲೆ ಬಿಡುವು ಕೊಡುವವರು ನೀವು. ಎತ್ತಿಗೆ ಸೋಮವಾರ ಕೊಟ್ಟವರು ನೀವು. ಅದೇ ಕರುಣೆಯನ್ನು ನಿಮ್ಮ ಮೈಗೂ, ನಿಮ್ಮ ಬಾಳಸಂಗಾತಿಯ ಮೈಗೂ ತೋರಿಸಿರಿ. ಓಡಬೇಕಾದಾಗ ಹುರುಪಿನಿಂದ ಓಡಿರಿ, ನಿಲ್ಲಬೇಕಾದಾಗ ಧೈರ್ಯದಿಂದ ನಿಲ್ಲಿರಿ, ಈ ನಿರ್ಧಾರವನ್ನು ಗಂಡಹೆಂಡಿರು ಕೂಡಿ ತೆಗೆದುಕೊಳ್ಳಿರಿ.